ವಿದುರನ ಮನೆಯ ಅನಾನಸ್ ಗೊಜ್ಜು

ಆಷಾಢದ ಮಳೆ ಜಡಿಯುತ್ತಿದ್ದ ಮಧ್ಯಾಹ್ನ, ಸಾಗರದ ನಮ್ಮ ಮನೆಯಲ್ಲಿ ವಾರ್ತೆ ನೋಡೋಣವೆಂದು ಕುಳಿತರೆ, ಮಳೆರಜೆಗೆ ಬಂದಿದ್ದ ತಂಗಿಯ ಮಗ ಆಗಲೇ ಟಿವಿಯನ್ನು ವಶಪಡಿಸಿಕೊಂಡಿದ್ದ. ‘ಘೋಸ್ಟ್ ಆಫ್ ಸುಶಿಮಾ’ ಎಂಬ ವಿಡಿಯೊ ಆಟದ ನಾಯಕ, ಸಮುರಾಯಿ ಜಿನ್ ಸಕಾಯಿ, 1274ರಲ್ಲಿ ಮಂಗೋಲರು ಜಪಾನಿನ ಸುಶಿಮಾ ದ್ವೀಪಕ್ಕೆ ನುಗ್ಗಿ ಊರೂರನ್ನು ಸುಡುತ್ತಿರುವಾಗ, ನೀರಿನ ದಂಡೆಯಲ್ಲಿ ಕುಳಿತು ಮೂರು ಸಾಲಿನ ಜಪಾನಿ ಪದ್ಯ ಹೈಕು ಕಟ್ಟುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಈ ಪದ್ಯಕ್ಕೆ ಹೆಸರಾದ ಕವಿ ಬಾಶೋ ಹುಟ್ಟಿದ್ದೇ 1644ರಲ್ಲಿ, ಆ ಪದ್ಯಕ್ಕೆ ಹೈಕು ಎಂಬ ಹೆಸರು ಬಂದದ್ದು 19ನೆಯ ಶತಮಾನದ ಕೊನೆಗೆ, ಕವಿ ಮಸಾವೊಕಾ ಶಿಕಿಯಿಂದ. ಹೀಗಿರುವಾಗ ಈ ಸಮುರಾಯಿಗೆ ಅದನ್ನು ಕಲಿಸಿದವರು ಯಾರು ಎಂದು ಕೇಳಿದೆ.

“ಮಾವ, ವಿದುರನ ಮನೆಯಲ್ಲಿ ಅನಾನಸ್ ಗೊಜ್ಜು ಬಡಿಸಿದವರು ಯಾರು?” ಎಂದ, ಪರದೆಯಿಂದ ಕಣ್ಣು ತೆಗೆಯದೆ.

ಇದು ಅವನ ತಾಯಿಯ ಉಪಕಾರ. ಇಪ್ಪತ್ತು ವರ್ಷಗಳ ಹಿಂದೆ ಊರಿನ ತಾಳಮದ್ದಲೆಗೆ, ಅಂದರೆ ವೇಷವಿಲ್ಲದೆ ಕುಳಿತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ, ಪಾತ್ರದ ಮಾತಾಡುವ ಅರ್ಥಧಾರಿಯೊಬ್ಬರು ಬಾರದೆ, ‘ಕೃಷ್ಣಸಂಧಾನ’ಕ್ಕೆ ನನ್ನನ್ನೇ ಕೃಷ್ಣನೆಂದು ಕೂರಿಸಿದ್ದರು. ಎದುರಿಗಿದ್ದ ಕೌರವ ಪಳಗಿದ ಆಸಾಮಿ. ಸಂಧಾನ ಮುರಿಯುತ್ತದೆಂಬುದು ನಮಗೂ ಗೊತ್ತು, ಹಾಡುವ ಭಾಗವತರಿಗೂ ಗೊತ್ತು, ಕಂಬಕ್ಕೊರಗಿ ತೂಕಡಿಸುತ್ತಿದ್ದವರಿಗೂ ಗೊತ್ತು. ಮುರಿಯುವ ತನಕ ಏನು ಮಾತಾಡಬೇಕೆಂಬುದಷ್ಟೇ ನಮಗೆ ಬಿಟ್ಟದ್ದು. “ನನ್ನ ಅರಮನೆಯ ಔತಣ ಬಿಟ್ಟು ವಿದುರನಲ್ಲಿ ಉಂಡೆಯಲ್ಲ, ಅಲ್ಲಿ ಅಂಥದ್ದೇನಿತ್ತು?” ಎಂದು ಆತ ಕೇಳಿದಾಗ, ಕುಡಿತೆ ಹಾಲೆಂದು ಹೇಳಿ ಗೆಲ್ಲಬಹುದಾಗಿದ್ದ ನಾನು, ಆ ರಾತ್ರಿ ಉಂಡದ್ದು ನಾಲಿಗೆಯಲ್ಲಿದ್ದುದರಿಂದ ಅನಾನಸ್ ಗೊಜ್ಜೆಂದೆ. “ಪೋರ್ಚುಗೀಸರು ತರಬೇಕಾದ ಹಣ್ಣು ದ್ವಾಪರದಲ್ಲೇ ಬಂತೆಂದರೆ, ನನ್ನ ಚಿಕ್ಕಪ್ಪ ಪರದೇಶದವರೊಡನೆ ಗುಟ್ಟಾಗಿ ವ್ಯಾಪಾರಕ್ಕಿಳಿದಿದ್ದಾನೆ!” ಎಂದು ಕೌರವ ಅರ್ಧ ಗಂಟೆ ನನ್ನನ್ನು ಹುರಿದ. ಇವತ್ತಿಗೂ ಮದುವೆಮನೆಯ ಪಂಕ್ತಿಯಲ್ಲಿ “ಕೃಷ್ಣನಿಗೆ ಇನ್ನೊಂದು ಸೌಟು” ಎನ್ನುವವರಿದ್ದಾರೆ. ಅದೇ ಮಹಾನುಭಾವ ಮತ್ತೊಂದು ರಾತ್ರಿ ರಾವಣನಾಗಿ ಅಶೋಕವನದಲ್ಲಿ ಗೇರುಮರ ನೆಡಿಸಿದ್ದನ್ನು ಮಾತ್ರ ಯಾರೂ ಗಮನಿಸಲಿಲ್ಲ. ಗೇರೂ ಅದೇ ಹಡಗಿನ ಸರಕು.

ಗೊಜ್ಜು ಬಡಿಸಿದರೂ ನಮ್ಮ ತಾಳಮದ್ದಲೆಯ ಸಂಧಾನ ಕಥೆಯಂತೆ ಮುರಿದೇ ಮುರಿಯಿತು. ಇಲ್ಲಿ ಹಾಗಲ್ಲ; ಚರಿತ್ರೆಯಲ್ಲಿ ಮಂಗೋಲರ ಕೈವಶವಾದ ಸುಶಿಮಾವನ್ನು, ಕಲ್ಪನೆಯ ಕೂಸಾದ ಈ ಜಿನ್ ಆಟದಲ್ಲಿ ಗೆದ್ದುಕೊಡುತ್ತಾನೆ ಎಂದು ನಾನು ಮತ್ತೆ ಆಕ್ಷೇಪಿಸಿದೆ. ಅದಕ್ಕವನು, 2020ರ ಚಂಡಮಾರುತಕ್ಕೆ ಅಲ್ಲಿನ ವತಾತ್ಸುಮಿ ದೇಗುಲದ ತೋರಿ ದ್ವಾರ ಮುರಿದಾಗ, ಈ ಆಟವಾಡಿದವರೂ ಕೈಜೋಡಿಸಿ ಎರಡೂವರೆ ಕೋಟಿ ಯೆನ್‌ಗೂ ಮಿಕ್ಕಿ ಹಣ ಕೂಡಿಸಿದ ಸಂಗತಿ ಹೇಳಿದ. ಐದಾರು ಕಿಲೋಮೀಟರ್ ದೂರದ ಇಕ್ಕೇರಿಯ ಅಘೋರೇಶ್ವರನನ್ನು ನೆಂಟರು ಬಂದಾಗಲಷ್ಟೇ ನೋಡುವ ನಾನು ಸುಮ್ಮನಾದೆ.

ಹೈಕುವಿನ ಮೂರನೆಯ ಸಾಲನ್ನು ನನಗೇ ಬಿಟ್ಟ. ಪರದೆಯ ಮೇಲೆ ಮೂಡಿದ ಸಾಲುಗಳಲ್ಲಿ ಮಳೆಯ ಕಡೆಗಿದ್ದುದನ್ನು ಆರಿಸಿದೆ. ಜಿನ್‌ಗೆ ತಲೆಗೆ ಕಟ್ಟುವ ಪಟ್ಟಿಯೊಂದು ಬಹುಮಾನವಾಗಿ ಬಂತು. ತಾಳಮದ್ದಲೆಯ ಆ ರಾತ್ರಿ ನನಗೆ ಒಂದು ವೀಳ್ಯವನ್ನೂ ಕೊಟ್ಟಿರಲಿಲ್ಲ.