ಹಾಜರಿ ನಮ್ಮದು, ಟೀಚರ್ ಆಗೂದು ನಿಮ್ಮದು

ಬಸವನ ಬಾಗೇವಾಡಿ ಕಡೆಯ ಗೃಹಿಣಿಯೊಬ್ಬರು ಮೂವತ್ತೆಂಟನೇ ವಯಸ್ಸಿಗೆ ಬಿ.ಇಡ್. ಮಾಡಲು ಹೊರಟರು ಅಂತಿಟ್ಟುಕೊಳ್ಳಿ. ಪದವಿಯಲ್ಲಿ ಬೇಕಾದ ಶೇ. 50 ಅಂಕವಿದೆ. ಮನೆಯಲ್ಲಿ ಎರಡು ಮಕ್ಕಳು, ಒಬ್ಬರು ಅತ್ತೆ, ಒಂದು ಎಮ್ಮೆ. ಇಂಥವರಿಗೆಂದೇ ದೂರಶಿಕ್ಷಣ ಇರುವುದಲ್ಲವೇ? ಅಲ್ಲ. ದೂರಶಿಕ್ಷಣದ ಬಿ.ಇಡ್.ಗೆ ಸೇರಬೇಕೆಂದರೆ ತರಬೇತಿ ಪಡೆದು ಈಗಾಗಲೇ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿರಬೇಕು, ಇಲ್ಲವೇ ಡಿ.ಇಡ್.ನಂಥ ಶಿಕ್ಷಕರ ತರಬೇತಿ ಕೋರ್ಸನ್ನು ಕಾಲೇಜಿಗೆ ಹೋಗಿಯೇ ಮುಗಿಸಿರಬೇಕು. ಈಜು ಬಂದವರಿಗಷ್ಟೇ ಬಾವಿಯ ಮೆಟ್ಟಿಲು.

ಉಳಿದದ್ದು ರೆಗ್ಯುಲರ್. 2 ವರ್ಷ, ವರ್ಷಕ್ಕೆ 200 ದಿನ. ತರಗತಿಗೆ ಶೇ. 80 ಹಾಜರಿ, ಶಾಲೆಗೆ ಹೋಗಿ ಕಲಿಸುವ ಇಂಟರ್ನ್‌ಶಿಪ್‌ಗೆ ಶೇ. 90. ಎಮ್ಮೆಗೆ ಈ ನಿಯಮ ತಿಳಿಸುವವರು ಯಾರು?

ಆಗ ವಿಜಯಪುರದ ಜೆರಾಕ್ಸ್ ಅಂಗಡಿ ಮುಂದೆ ಒಬ್ಬ ಅಣ್ಣ ಪ್ರತ್ಯಕ್ಷನಾಗುತ್ತಾನೆ. "ಅಕ್ಕಾರ, ಯಾಕ್ ತ್ರಾಸ್ ತಗೋತೀರಿ? ನಾನ್ ಅಟೆಂಡಿಂಗ್ ಮಾಡ್ರಿ. ಪರೀಕ್ಷಾಕ್ಕಷ್ಟ ಬಂದ್ರ ಸಾಕ್ರಿ."

ಶಿಕ್ಷಕರ ತರಬೇತಿಗೆ ನಿಯಮ ಮಾಡುವ ರಾಷ್ಟ್ರೀಯ ಪರಿಷತ್ತು ಎನ್‌ಸಿಟಿಇಯ ನಿಯಮಗಳಲ್ಲಿ ಎಲ್ಲಿಯೂ ಇಲ್ಲದ ಈ ಕೋರ್ಸಿನ ಶಿಸ್ತು ನೋಡಬೇಕು. ಒಂದೇ ಪೆನ್ನು ಐವತ್ತು ಜನರ ಸಹಿ ಹಾಕುತ್ತದೆ. ಯಾರಿಗೂ ಜ್ವರ ಬರುವುದಿಲ್ಲ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೂ ಯಾರೂ ತಪ್ಪಿಸುವುದಿಲ್ಲ. ಸೂಕ್ಷ್ಮ ಬೋಧನೆ (ಮೈಕ್ರೋ ಟೀಚಿಂಗ್) ಅಂದರೆ ಪುಟ್ಟ ಪಾಠದ ಅಭ್ಯಾಸ: 6 ನಿಮಿಷ ಪಾಠ, 6 ನಿಮಿಷ ವಿಮರ್ಶೆ, 12 ನಿಮಿಷ ಮರುಯೋಜನೆ, ಮತ್ತೆ 6 ಪಾಠ, 6 ವಿಮರ್ಶೆ. ಇಲ್ಲಿ ಅದು ಕಣ್ಣಿಗೇ ಕಾಣದಷ್ಟು ಸೂಕ್ಷ್ಮ. ಪಾಠಯೋಜನೆ ಹಿಂದಿನ ಬ್ಯಾಚಿನದು, ರಟ್ಟು ಮಾತ್ರ ಹೊಸದು. ನಕಲು ಮಾಡಿದವರು ದಿನಾಂಕ ತಿದ್ದಲು ಮರೆತರೆ ಭಾನುವಾರವೂ ಎಂಟನೇ ವರ್ಗಕ್ಕೆ ದ್ಯುತಿಸಂಶ್ಲೇಷಣೆ ನಡೆದಿರುತ್ತದೆ. 20 ವಾರಗಳ ಇಂಟರ್ನ್‌ಶಿಪ್ ಹೆಡ್‌ಮಾಸ್ತರರ ಒಂದು ಸಿಕ್ಕಾ ಬೀಳುವಷ್ಟರಲ್ಲಿ ಮುಗಿಯುತ್ತದೆ.

ಅಕ್ಕನಿಗೆ ಇದ್ದದ್ದು ಊರ ಶಾಲೆಯ ಒಂದು, ಎರಡನೇ ವರ್ಗದ ಕೂಸುಗಳಿಗೆ ಅಕ್ಷರ ಕಲಿಸುವ ಆಸೆ. ಅದಕ್ಕೆ ಬಿ.ಇಡ್. ನಡೆಯುವುದಿಲ್ಲ, ಡಿ.ಎಲ್.ಇಡ್. (ಹಿಂದಿನ ಡಿ.ಇಡ್.) ಬೇಕು ಎಂದು 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅಣ್ಣನಿಗೆ ಇದು ಗೊತ್ತಿಲ್ಲವೆಂದಲ್ಲ. "ಅದೆಲ್ಲಾ ಆಮ್ಯಾಲ ನೋಡೋಣ್ರಿ, ಮೊದಲ ಫೀ ಕಟ್ರಿ."

ಫೀ ಕಟ್ಟುವ ಮೊದಲು ಕಾಲೇಜಿನ ಎನ್‌ಸಿಟಿಇ ಮಾನ್ಯತೆ ನೋಡಿ, ನಿಮ್ಮ ಪದವಿಯ ವಿಷಯಗಳನ್ನು ಕಲಿಸುವ ಪದ್ಧತಿಯ ಪಾಠ ಅಲ್ಲಿ ಇದೆಯೇ ಕೇಳಿ, ಸರ್ಕಾರಿ ಕೋಟಾದ ಸೀಟಿಗೂ ಅರ್ಜಿ ಹಾಕಿ. ಇದಕ್ಕಿಂತ ಸುಲಭದ ಪರೀಕ್ಷೆ ಇನ್ನೊಂದಿದೆ: ಯಾವುದಾದರೂ ಮಂಗಳವಾರ ಹನ್ನೆರಡು ಗಂಟೆಗೆ ಹೇಳದೇ ಹೋಗಿ ವರ್ಗದೊಳಗೆ ಇಣುಕಿ. ಐವತ್ತರ ಜಾಗದಲ್ಲಿ ಏಳು ಜನ ಕೂತಿದ್ದರೆ, ಉಳಿದ ನಲವತ್ಮೂರು ಜನ ಹಾಜರಿ ಪುಸ್ತಕದಲ್ಲಿ ಕೂತಿದ್ದಾರೆ.

ಕೋರ್ಸು ಮುಗಿದ ಮೇಲೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. 150 ಅಂಕ, ಸಾಮಾನ್ಯ ವರ್ಗಕ್ಕೆ 90 ಬೇಕು. ಅದರಲ್ಲಿ 30 ಅಂಕ ಮಕ್ಕಳ ವಿಕಾಸ ಮತ್ತು ಬೋಧನಾಶಾಸ್ತ್ರಕ್ಕೇ, ಅಂದರೆ ತಪ್ಪಿಸಿಕೊಂಡ ವರ್ಗಗಳಿಗೇ. ಇದಕ್ಕೇನು ದಾರಿ ಅಂತ ಕೇಳಿದರೆ ಅಣ್ಣನ ಬಳಿ ಅದಕ್ಕೂ ಉತ್ತರ ತಯಾರಿದೆ.

"ನಮ್ಮ ಅಳಿಯಂದ ಕೋಚಿಂಗ್ ಕ್ಲಾಸ್ ಐತ್ರಿ ಅಕ್ಕಾರ. ಆದರ ಅದಕ್ಕ ಮಾತ್ರ ದಿನಾ ಬರಬೇಕಾಗತೈತ್ ನೋಡ್ರಿ."