ಬೆವರು ಆರಿದರೆ ತಂಪು

ಬೆವರಿಗೆ ಮರ್ಯಾದೆ ಕಡಿಮೆ. ಬಂದ ಕೂಡಲೇ ಒರೆಸಿ ಹಾಕುತ್ತೇವೆ, ಅಂಗಿಗೆ ಕಲೆ ಮಾಡಿತೆಂದು ಬಯ್ಯುತ್ತೇವೆ, ಅದರ ವಾಸನೆ ಅಡಗಿಸಲು ದುಡ್ಡು ಸುರಿಯುತ್ತೇವೆ. ಪಾಪ, ಬೇಸಿಗೆಯಲ್ಲಿ ನಮ್ಮನ್ನು ಕಾಯುವುದು ಅದೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖವನ್ನು ಮೈಯಿಂದ ಹೊತ್ತೊಯ್ಯುತ್ತದೆ. ಗುಟ್ಟಿರುವುದು ಆ ‘ಆವಿಯಾದರೆ’ಯಲ್ಲಿ. ಹಣೆಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಹನಿ ನೀರನ್ನೂ ಉಪ್ಪನ್ನೂ ಕಳೆಯಿತೇ ಹೊರತು ಮೈಯನ್ನು ತಂಪು ಮಾಡಲಿಲ್ಲ. ಗಾಳಿಯಲ್ಲಿ ತೇವ ತುಂಬಿದ ದಿನ 33 ಡಿಗ್ರಿಗೇ ಜೀವ ಹಿಂಡುವುದು, ಒಣಹವೆಯ 38 ಅದಕ್ಕಿಂತ ವಾಸಿ ಎನಿಸುವುದು ಇದಕ್ಕೇ. ಆದ್ದರಿಂದ ಬಟ್ಟೆ ಸಡಿಲವಾಗಿರಲಿ, ತೆಳುವಾಗಿರಲಿ. ಮೈಗಂಟಿದ ಬಟ್ಟೆಯೊಳಗೆ ಗಾಳಿ ಆಡುವುದಿಲ್ಲ.

ಫ್ಯಾನ್ ಮಾಡುವುದೂ ಇಷ್ಟೇ, ಬೆವರನ್ನು ಆರಿಸುವುದು. ಚರ್ಮದ ಬಿಸಿ ಸುಮಾರು 35 ಡಿಗ್ರಿ. ಕೋಣೆ 40 ದಾಟಿದ ಮೇಲೆ ಒಣ ಮೈಗೆ ಬೀಸುವ ಫ್ಯಾನ್ ಊದುಗೊಳವೆಯಿದ್ದಂತೆ, ಕೆಂಡಕ್ಕೇ ಗಾಳಿ. ವಯಸ್ಸಾದವರಿಗೆ ಬೆವರು ಕಡಿಮೆ, ಬಾಯಾರಿಕೆಯೂ ತಡವಾಗಿ ತಿಳಿಯುತ್ತದೆ. ಅವರ ಕೈಕಾಲು, ಕತ್ತಿಗೆ ಆಗಾಗ ಒದ್ದೆ ಬಟ್ಟೆ ಸವರಿದರೆ ಒಳ್ಳೆಯದು. ಹೊರಗಿನ ಗಾಳಿ ಒಳಗಿನದಕ್ಕಿಂತ ಬಿಸಿಯಿರುವಷ್ಟು ಹೊತ್ತು ಕಿಟಕಿ, ಪರದೆ ಮುಚ್ಚಿರಲಿ. ರಾತ್ರಿ ತಣ್ಣಗಾದ ಮೇಲೆ ತೆರೆದರಾಯಿತು.

ನೀರಿನ ಬಗ್ಗೆ ಎಲ್ಲರೂ ಉಪದೇಶ ಮಾಡುತ್ತಾರೆ, ಲೆಕ್ಕ ಹೇಳುವವರು ಕಡಿಮೆ. ಬಿಸಿಲಲ್ಲಿ ದುಡಿಯುವವರಿಗೆ 15–20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಸುಮಾರು 250 ಮಿಲಿ ಬೇಕು. ಗಂಟೆಗೆ ಒಂದೂವರೆ ಲೀಟರ್ ಮೀರಬಾರದು. ಗಂಟೆಗಟ್ಟಲೆ ಬೆವರಿ ಬರೀ ನೀರನ್ನೇ ಕುಡಿಯುತ್ತ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಕರಿಕೆ ಶುರುವಾಗುತ್ತದೆ. ಬಿಸಿಲಿನ ಆಯಾಸದ ಲಕ್ಷಣವೂ ಅದೇ ಆದ್ದರಿಂದ ಇನ್ನಷ್ಟು ನೀರು ಕುಡಿಸುವ ತಪ್ಪು ಆಗುತ್ತದೆ. ಕಳೆದುಹೋದ ನೀರು, ಉಪ್ಪನ್ನು ತುಂಬಿಕೊಡುವ ಓಆರ್‌ಎಸ್ ಪುಡಿಯ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟಸವಾಗಿರಲಿ, ಗೋಪುರ ಬೇಡ. ರುಚಿಗೆಂದು ಸಕ್ಕರೆ ಹೆಚ್ಚಿಸಿದರೆ ಅದು ಕರುಳಿಗೆ ನೀರೆಳೆದು ಭೇದಿ ತರಬಹುದು. ಹೃದಯ, ಮೂತ್ರಪಿಂಡದ ತೊಂದರೆಯುಳ್ಳವರು ಮಾತ್ರ ನೀರು, ಉಪ್ಪು ಎರಡರ ಅಳತೆಯನ್ನೂ ವೈದ್ಯರಿಂದಲೇ ತಿಳಿಯಬೇಕು.

ಬೆವರಿಗೂ ಅಭ್ಯಾಸ ಬೇಕು! ಒಂದೆರಡು ವಾರ ದಿನವೂ ಸ್ವಲ್ಪ ಸ್ವಲ್ಪ ಬಿಸಿಲು ಕಂಡ ದೇಹ ಬೇಗ ಬೆವರುತ್ತದೆ, ಹೆಚ್ಚು ಬೆವರುತ್ತದೆ, ಉಪ್ಪನ್ನು ಉಳಿಸಿಕೊಳ್ಳುತ್ತದೆ. ಕೆಲಸಕ್ಕೆ ಹೊಸಬರು, ರಜೆ ಮುಗಿಸಿ ಬಂದವರು ಮೊದಲ ದಿನಗಳಲ್ಲೇ ಕುಸಿದು ಬೀಳುವುದು ಹೆಚ್ಚು. ಆಗ ಶೌರ್ಯ ತೋರಿಸಬಾರದು.

ಬೆವರು ನಿಂತರೆ ಮಾತ್ರ ಬಿಸಿಲು ಬಡಿದದ್ದು ಎಂಬ ನಂಬಿಕೆಯೊಂದಿದೆ. ಅದು ತಪ್ಪು. ದುಡಿಯುತ್ತಲೇ ಕುಸಿದವರ ಮೈ ತೊಯ್ದು ತೊಪ್ಪೆಯಾಗಿರಬಹುದು. ನೋಡಬೇಕಾದದ್ದು ಬುದ್ಧಿಯನ್ನು: ಮಾತು ತೊದಲುವುದು, ಎಲ್ಲಿದ್ದೇನೆಂದು ತಿಳಿಯದಿರುವುದು, ಎಚ್ಚರ ತಪ್ಪುವುದು. ಆಗ ಆಂಬುಲೆನ್ಸ್‌ಗೆ ಹೇಳಿ, ಅದು ಬರುವವರೆಗೆ ಬೆವರಿನ ಕೆಲಸವನ್ನು ನಾವು ಮಾಡಬೇಕು. ನೆರಳಿಗೆ ತಂದು, ಹೆಚ್ಚಿನ ಬಟ್ಟೆ ತೆಗೆದು, ಮೈಮೇಲೆಲ್ಲ ತಣ್ಣೀರು ಸುರಿಯುತ್ತ ಬಿಡದೆ ಗಾಳಿ ಬೀಸಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಿದರೆ ಶ್ವಾಸಕೋಶಕ್ಕೆ ಹೋದೀತು. ಪ್ಯಾರಾಸಿಟಮಾಲ್ ಕೂಡ ಬೇಡ. ಅದು ಇಳಿಸುವುದು ಮಿದುಳೇ ಏರಿಸಿದ ಜ್ವರವನ್ನು. ಈ ಬಿಸಿ ಹೊರಗಿನಿಂದಲೋ ದುಡಿಮೆಯಿಂದಲೋ ಬಂದು ಮೈಯಲ್ಲಿ ಸಿಕ್ಕಿಕೊಂಡದ್ದು, ಮಾತ್ರೆಗೆ ಬಗ್ಗುವುದಿಲ್ಲ.