ಜೂನ್ ಒಂದರ ಗ್ರಹಚಾರ

ಕರ್ನಾಟಕದಲ್ಲಿ ಮಗುವಿನ ಜಾತಕ ಬರೆಸಲು ಇನ್ನು ಜೋಯಿಸರ ಮನೆಗೆ ಹೋಗಬೇಕಾಗಿಲ್ಲ. ನಕ್ಷತ್ರ ಬೇಡ, ರಾಶಿ ಬೇಡ. ಜೂನ್ ಒಂದರೊಳಗೆ ಹುಟ್ಟಿತಾ, ಆಮೇಲೆ ಹುಟ್ಟಿತಾ, ಅಷ್ಟು ಗೊತ್ತಾದರೆ ಸಾಕು. ಒಳಗೆ ಹುಟ್ಟಿ, ಆ ದಿನಕ್ಕೆ ಆರು ವರ್ಷ ತುಂಬಿದ್ದರೆ ಒಂದನೇ ಕ್ಲಾಸು. ಒಂದು ದಿನ ತಡವಾದರೆ ಇನ್ನೊಂದು ವರ್ಷ ಯುಕೆಜಿ. ಆ ಒಂದು ದಿನದ ತಡಕ್ಕೆ ಕಾರಣ ಮಗುವಾ, ಡಾಕ್ಟರಾ, ಆಸ್ಪತ್ರೆಗೆ ಹೋಗುವ ದಾರಿಯ ಟ್ರಾಫಿಕ್ಕಾ ಅಂತ ಯಾರೂ ಕೇಳುವುದಿಲ್ಲ.

ಹಾಗೆ ನೋಡಿದರೆ ಜೂನ್ ಒಂದು ನಮಗೆ ಹೊಸದೇನಲ್ಲ. ನಮ್ಮಪ್ಪ, ದೊಡ್ಡಪ್ಪ, ಅವರ ಗೆಳೆಯರು, ಗೆಳೆಯರ ಭಾವಮೈದುನರು ಎಲ್ಲ ದಾಖಲೆಯಲ್ಲಿ ಜೂನ್ ಒಂದರಂದೇ ಹುಟ್ಟಿದವರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಹುಟ್ಟಿದ ತಾರೀಕು ಕೇಳಿದರೆ, "ದೊಡ್ಡ ಮಳೆ ಬಂತಲ್ಲ ಆ ವರ್ಷ, ನಾಗರ ಪಂಚಮಿ ಕಳೆದ ಮೇಲೆ" ಅಂತ ಅಜ್ಜಿ ಹೇಳುತ್ತಿದ್ದರು. ದೊಡ್ಡ ಮಳೆ ಬರೆಯಲು ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ. ಮೇಷ್ಟ್ರು ಹುಡುಗನನ್ನೇ ಕರೆದು, "ಬಲಗೈ ತಲೆ ಮೇಲಿಂದ ತಂದು ಎಡಗಿವಿ ಮುಟ್ಟೋ" ಅನ್ನುತ್ತಿದ್ದರು. ಮುಟ್ಟಿದರೆ ಒಂದನೇ ಕ್ಲಾಸು, ಹುಟ್ಟಿದ್ದು ಜೂನ್ ಒಂದು. ಮುಟ್ಟದಿದ್ದರೆ, "ಬರೋ ವರ್ಷ ಬಾ". ಆದೇಶ ಇಲ್ಲ, ತಿದ್ದುಪಡಿ ಆದೇಶ ಇಲ್ಲ, ಟಿವಿ ಚರ್ಚೆ ಮೊದಲೇ ಇಲ್ಲ.

ಮೇಷ್ಟ್ರ ಆ ಒಂದು ಬರಹ ಅರವತ್ತು ವರ್ಷದವರೆಗೂ ಬೆನ್ನು ಬಿಡುತ್ತಿರಲಿಲ್ಲ. ತಿಂಗಳ ಒಂದನೇ ತಾರೀಕು ಹುಟ್ಟಿದ ಸರ್ಕಾರಿ ನೌಕರರಿಗೆ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ. ಹಾಗಾಗಿ ಮೇ 31 ಬಂತೆಂದರೆ ಕಚೇರಿ ಕಚೇರಿಯಲ್ಲೂ ಹಾರ, ಶಾಲು, ಫಲತಾಂಬೂಲ, ಗಂಟಲು ಕಟ್ಟಿದ ಭಾಷಣ. ಆ ಕಾಲದ ಮೇಷ್ಟ್ರು ಮಗುವನ್ನು ನೋಡಿ ತಾರೀಕು ಬರೆದರು. ಈಗ ತಾರೀಕು ನೋಡಿದ ಮೇಲೆ ಮಗುವನ್ನು ನೋಡುವ ಅಗತ್ಯವೇ ಇಲ್ಲ.

ತಾರೀಕಿಗೇನು ಕೊರತೆ? ನಿಮಿಷದ ಸಮೇತ ಇದೆ. ಜನನ ಪ್ರಮಾಣಪತ್ರ, ಆಧಾರ್, ಹೊಟ್ಟೆಯೊಳಗೆ ಮಗ್ಗುಲಾಗಿ ಮಲಗಿದ್ದಾಗ ತೆಗೆದ ಸ್ಕ್ಯಾನಿಂಗ್ ಫೋಟೊ ಕೂಡ ಫೈಲಿನಲ್ಲಿದೆ. ಗೊತ್ತಿಲ್ಲದಿರುವುದು ಒಂದೇ. ಈ ವರ್ಷದ ನಿಯಮ ಯಾವುದು?

ಮೊದಲು ಒಂದನೇ ಕ್ಲಾಸಿಗೆ 5 ವರ್ಷ 5 ತಿಂಗಳಾಗಿದ್ದರೆ ಸಾಕಿತ್ತು. 2022ರ ಜುಲೈನಲ್ಲಿ ಸರ್ಕಾರ ಆದೇಶ ಹೊರಡಿಸಿತು. ಜೂನ್ 1ಕ್ಕೆ 6 ವರ್ಷ ತುಂಬಿರಲೇಬೇಕು. ಅಷ್ಟರಲ್ಲಿ ಮಕ್ಕಳು ಎಲ್‌ಕೆಜಿ, ಯುಕೆಜಿ ಬೆಂಚಿನಲ್ಲಿ ಕೂತು ಟಿಫಿನ್ ಡಬ್ಬಿ ಬಿಚ್ಚಿಯಾಗಿತ್ತು. ಅಪ್ಪ ಅಮ್ಮಂದಿರು ಬೊಬ್ಬೆ ಹಾಕಿದರು. ಅದೇ ನವೆಂಬರಿನಲ್ಲಿ ಇನ್ನೊಂದು ಆದೇಶ ಬಂತು. ಈಗ ಬೇಡ, 2025-26ರಿಂದ. ಸರಿ, ಹೆಚ್ಚುಕಮ್ಮಿ ಎರಡೂವರೆ ವರ್ಷ ಟೈಮ್ ಸಿಕ್ಕಿತು. ಟೈಮ್ ಸಿಕ್ಕಾಗ ನಾವು ಏನು ಮಾಡುತ್ತೇವೆ ಅಂತ ನಿಮಗೆ ಗೊತ್ತೇ ಇದೆ. ಕೊನೆಯ ತಿಂಗಳವರೆಗೆ ಸುಮ್ಮನಿರುತ್ತೇವೆ. ಎಷ್ಟೋ ಶಾಲೆಗಳು ಎಂದಿನ ವಯಸ್ಸಿಗೇ ಎಲ್‌ಕೆಜಿಗೆ ಸೇರಿಸಿಕೊಂಡವು. ಅಪ್ಪ ಅಮ್ಮಂದಿರು ಎಂದಿನಂತೆ ಫೀಸು ಕಟ್ಟಿದರು. 2025 ಬಂದಾಗ ಎಲ್ಲರಿಗೂ ಒಟ್ಟಿಗೆ ಎಚ್ಚರವಾಯಿತು.

ಮತ್ತೆ ಬೊಬ್ಬೆ. ಆ ಏಪ್ರಿಲ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಸಡಿಲಿಕೆ ಘೋಷಿಸಿದರು. ಯುಕೆಜಿ ಮುಗಿಸಿದ್ದರೆ 5 ವರ್ಷ 5 ತಿಂಗಳಾದರೂ ಸಾಕು. ಈ ಒಂದು ವರ್ಷಕ್ಕೆ ಮಾತ್ರ. ಅದೂ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಮಾತ್ರ. ಅಂದರೆ ಒಂದೇ ಮಗುವಿಗೆ ಒಂದೇ ದಿನ ಎರಡು ವಯಸ್ಸು. ಸ್ಟೇಟ್ ಸಿಲಬಸ್ಸಿನ ಗೇಟಿನ ಮುಂದೆ ನಿಂತರೆ ಒಂದನೇ ಕ್ಲಾಸಿಗೆ ಸರಿಹೊಂದುವ ವಯಸ್ಸು. ರಸ್ತೆ ದಾಟಿ ಸಿಬಿಎಸ್‌ಇ ಗೇಟಿಗೆ ಹೋದರೆ ಅದೇ ಮಗು ಪುಟ್ಟ ಕಂದಮ್ಮ.

ಕಾಗದ ಪೆನ್ನು ಹಿಡಿದು ಕೂತರೆ ಇನ್ನೂ ಮಜಾ ಇದೆ. 2025ರ ಜೂನ್ 1ಕ್ಕೆ 5 ವರ್ಷ 5 ತಿಂಗಳು ಅಂದರೆ 2020ರ ಜನವರಿ 1ರೊಳಗೆ ಹುಟ್ಟಿದವರು. ಅವರೆಲ್ಲ ಒಳಗೆ ಹೋದರು. ಮುಂದಿನ ವರ್ಷ ಮತ್ತೆ 6 ವರ್ಷದ ನಿಯಮ ಅಂತ ಆಗಲೇ ಹೇಳಿದ್ದರು. 2026ರ ಜೂನ್ 1ಕ್ಕೆ 6 ತುಂಬಬೇಕಾದರೆ 2020ರ ಜೂನ್ 1ರೊಳಗೆ ಹುಟ್ಟಿರಬೇಕು. ಆ ನಿಯಮದಂತೆ ಹೋದರೆ ಇಡೀ ವರ್ಷದ ಬ್ಯಾಚಿಗೆ ಹೊಸದಾಗಿ ಸಿಗುವುದು ಐದು ತಿಂಗಳಲ್ಲಿ ಹುಟ್ಟಿದ ಮಕ್ಕಳು ಅಷ್ಟೇ! ಅದರಲ್ಲೂ ಬಹಳಷ್ಟು ಲಾಕ್‌ಡೌನ್ ಕೂಸುಗಳು. ಹುಟ್ಟಿದಾಗ ನೋಡಲು ಯಾರೂ ಬರಲಿಲ್ಲ, ಈಗ ಬೆಂಚಿನ ಪಕ್ಕದಲ್ಲೂ ಯಾರೂ ಇಲ್ಲ. ಆದರೆ ಬೇಜಾರು ಬೇಡ. ಇವರು ಎರಡನೇ ಪಿಯುಸಿ ಮುಗಿಸುವ 2038ರಲ್ಲಿ ಸಿಇಟಿಗೆ ಪೈಪೋಟಿ ಅರ್ಧಕ್ಕರ್ಧ ಕಮ್ಮಿ. ಈ ಸುದ್ದಿ ಕೋಚಿಂಗ್ ಸೆಂಟರಿನವರಿಗೆ ಇನ್ನೂ ತಿಳಿದಂತಿಲ್ಲ. ದಯವಿಟ್ಟು ನೀವೂ ಹೇಳಬೇಡಿ.

ಇದನ್ನೆಲ್ಲ ಓದಿ, ಆರು ವರ್ಷಕ್ಕೆ ಶಾಲೆ ಅನ್ನುವುದಕ್ಕೇ ನನ್ನ ವಿರೋಧ ಅಂದುಕೊಳ್ಳಬೇಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುವುದೂ ಆರು. ಫಿನ್‌ಲೆಂಡಿನಲ್ಲಿ ಏಳು. ಆರಾಗಲಿ, ಏಳಾಗಲಿ, ಯಾವುದಾದರೂ ಒಂದು ಅಂಕಿ ಹೇಳಿ ಅದರ ಮೇಲೆ ಗಟ್ಟಿಯಾಗಿ ಕೂತರೆ ಆಯಿತು. ಕೂರುವುದೇ ನಮಗೆ ಆಗದ ಕೆಲಸ. ಯುಕೆಜಿ ಮಕ್ಕಳಿಗೆ ಮಾತ್ರ ಬೆಳಗ್ಗೆಯಿಂದ "ಸುಮ್ನೆ ಕೂತ್ಕೋ" ಅಂತ ಹೇಳುತ್ತಲೇ ಇರುತ್ತೇವೆ.

ಸರ್ಕಾರದ ಆದೇಶವನ್ನು ಹೇಗೋ ತಡೆದುಕೊಳ್ಳಬಹುದು. ನೆಂಟರನ್ನು ತಡೆದುಕೊಳ್ಳುವುದು ಕಷ್ಟ. ಏಪ್ರಿಲ್, ಮೇ ಅಂದರೆ ಮದುವೆ, ಮುಂಜಿ, ಗೃಹಪ್ರವೇಶ. ಒಂದೊಂದು ಮನೆಯಲ್ಲೂ ಒಬ್ಬೊಬ್ಬರು ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಕೂತಿರುತ್ತಾರೆ. ನಮ್ಮ ಕಡೆಯ ಬಿಇಒ ನಮ್ಮ ಸೋದರತ್ತೆ. ಮಕ್ಕಳು ಚಪ್ಪಲಿ ಬಿಡುವ ಮೊದಲೇ ತಪಾಸಣೆ ಶುರು. ಹೆಸರು ಕೇಳುವುದಿಲ್ಲ. ಯಾವ ಸ್ಕೂಲು, ಯಾವ ಕ್ಲಾಸು, ಯಾವ ಸಿಲಬಸ್ಸು. ಆಮೇಲೆ "ಅಜ್ಜಿಗೆ ಒಂದು ರೈಮ್ಸ್ ಹೇಳು ಪುಟ್ಟಾ". ಮಗು ಅಮ್ಮನ ಸೆರಗಿನ ಹಿಂದೆ ಹೋದರೆ, "ಮಾತು ಸ್ವಲ್ಪ ಕಮ್ಮೀನಾ?" ಅಂತ ಒಂದು ಷರಾ. ಹೇಳಲು ಶುರು ಮಾಡಿ ನಿಲ್ಲಿಸದೆ ಹೋದರೆ, "ಸ್ವಲ್ಪ ತರ್ಲೆ ಜಾಸ್ತಿ ಅಲ್ವಾ" ಅಂತ ಇನ್ನೊಂದು ಷರಾ.

2025ರ ಜೂನ್ ನಂತರದ ಒಂದು ಗೃಹಪ್ರವೇಶದಲ್ಲಿ ಅತ್ತೆಯ ತಪಾಸಣೆ ಎಂದೂ ಇಲ್ಲದ ಹಾಗೆ ಸಿಕ್ಕಿಹಾಕಿಕೊಂಡಿತು. ಪಂಕ್ತಿಯಲ್ಲಿ ಮೂವರು ಮಕ್ಕಳು ಸಾಲಾಗಿ ಕೂತಿದ್ದರು. ಮೊದಲನೆಯವಳು 2019ರ ಮೇ ಕೊನೆಯಲ್ಲಿ ಹುಟ್ಟಿದವಳು, ಸಿಬಿಎಸ್‌ಇ, ಒಂದನೇ ಕ್ಲಾಸು. ಎರಡನೆಯವನು ಅದೇ ಜೂನ್ ಮೊದಲ ವಾರದವನು. ಅದೇ ಶಾಲೆ, ಯುಕೆಜಿ. ಮೂರನೆಯವನು ಇವನಿಗಿಂತ ಆರು ತಿಂಗಳಿಗೆ ಚಿಕ್ಕವನು, ಡಿಸೆಂಬರಿನವನು. ಇನ್ನೂ ಹಪ್ಪಳ ಮುರಿದು ಕೊಡಬೇಕು. ಆದರೆ ಸ್ಟೇಟ್ ಸಿಲಬಸ್ಸು, ಸಡಿಲಿಕೆ ಸಿಕ್ಕಿದೆ, ಒಂದನೇ ಕ್ಲಾಸು!

"ಏನೇ, ನಿನ್ನ ಮಗ ಯಾವ ಕ್ಲಾಸು?"

"ಯುಕೆಜಿ ಅತ್ತೆ."

"ಹೋದ ವರ್ಷಾನೂ ಯುಕೆಜಿ ಅಂದಿದ್ದೆ?"

"ಹೌದು ಅತ್ತೆ. ಈ ವರ್ಷಾನೂ ಅದೇ."

ಅತ್ತೆಯ ಕೈಯಲ್ಲಿದ್ದ ಪಲ್ಯದ ಸೌಟು ಅಲ್ಲೇ ನಿಂತಿತು. ದನಿ ತಗ್ಗಿತು. "ಅಯ್ಯೋ ಪಾಪ. ಯಾವುದರಲ್ಲಿ ಹೋಯ್ತು, ಮ್ಯಾತ್ಸಾ?"

ನನ್ನ ತಂಗಿ ನಿಯಮ ವಿವರಿಸಿದಳು. ಜೂನ್ ಒಂದು, ಆರು ವರ್ಷ, ರಾಜ್ಯ, ಕೇಂದ್ರ. ಎದುರು ಸಾಲಿನಲ್ಲಿ ಕೂತ ದೊಡ್ಡಪ್ಪ ತಮ್ಮ ಕಾಲದಲ್ಲಿ ಕಿವಿ ಮುಟ್ಟಿಸುತ್ತಿದ್ದುದನ್ನು ಎಡಗೈಯಲ್ಲೇ ಮಾಡಿ ತೋರಿಸಿದರು, ಬಲಗೈಯಲ್ಲಿ ಸಾರನ್ನವಿತ್ತು. ಅತ್ತೆಗೆ ಇದ್ಯಾವುದೂ ನಾಟಲಿಲ್ಲ. ಡಿಸೆಂಬರಿನವನನ್ನು ನೋಡಿದರು, ಜೂನಿನವನನ್ನು ನೋಡಿದರು. "ಎಷ್ಟೇ ಆಗ್ಲಿ, ಚಿಕ್ಕವನು ಮುಂದೆ ಹೋಗ್ಬಿಟ್ಟ. ಟ್ಯೂಷನ್‌ಗೆ ಹಾಕೇ" ಅಂದು ಮುಂದಿನ ಎಲೆಗೆ ಹೋದರು. ಸಂಜೆಯ ಹೊತ್ತಿಗೆ ಆ ಹುಡುಗ ಯುಕೆಜಿ ಫೇಲಾದ ಸುದ್ದಿ ಬೀಗರ ಕಡೆಯವರಿಗೂ ಮುಟ್ಟಿತ್ತು.

ಹುಡುಗನಿಗೆ ಮಾತ್ರ ಈ ಶೋಕದ ಸುಳಿವೇ ಇಲ್ಲ. ಎರಡನೇ ಸಲದ ಯುಕೆಜಿ ಅವನ ಸುವರ್ಣಯುಗ. ಎಲ್ಲ ರೈಮ್ಸ್ ಬಾಯಿಪಾಠ. ಯಾವ ಪುಟದಲ್ಲಿ ಯಾವ ಪ್ರಾಣಿ ಬರುತ್ತೆ ಅಂತ ಟೀಚರಿಗಿಂತ ಮೊದಲೇ ಹೇಳುತ್ತಾನಂತೆ. ಹೊಸದಾಗಿ ಬಂದು ಅಳುವ ಮಕ್ಕಳಿಗೆ ಟಾಯ್ಲೆಟ್ ದಾರಿ ತೋರಿಸುವ ಜವಾಬ್ದಾರಿಯೂ ಅವನದೇ. ನಮ್ಮ ಕಚೇರಿಗಳಲ್ಲಿ ಇಷ್ಟು ಕೆಲಸ ತಿಳಿದವರು ಒಬ್ಬರಿದ್ದರೆ ಫೈಲುಗಳು ಓಡುತ್ತಿದ್ದವು.

"ಒಂದು ವರ್ಷ ವೇಸ್ಟ್" ಅನ್ನುವುದು ಎಲ್ಲರ ಕೊರಗು. ವೇಸ್ಟ್ ಆದ ವರ್ಷದಲ್ಲಿ ಮಗು ಏನು ಮಾಡಿತು ಅಂದರೆ, ಆಡಿತು, ತಿಂದಿತು, ಮಧ್ಯಾಹ್ನ ಮಲಗಿತು, ಮುಂದಿನ ಹಲ್ಲು ಉದುರಿಸಿಕೊಂಡಿತು. ಇಂಥ ಒಂದು ವರ್ಷ ನನಗೆ ಯಾರಾದರೂ ಮಂಜೂರು ಮಾಡಿದರೆ ಅರ್ಜಿ ಬರೆಯಲು ಈಗಲೇ ಸಿದ್ಧ. ಒಂದು ವರ್ಷ ಬೇಗ ಸೇರಿ, ಬೇಗ ಮುಗಿಸಿ, ಬೇಗ ಕೆಲಸ ಹಿಡಿದು ಮಾಡುವುದಾದರೂ ಏನು? ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಒಂದು ವರ್ಷ ಜಾಸ್ತಿ ನಿಲ್ಲಬೇಕು. ಐದೂವರೆ ವರ್ಷದ ಮಗುವಿನ ಭವಿಷ್ಯ ಹಾಳಾಯಿತು ಅಂತ ಮರುಗುವ ಎಷ್ಟೋ ಮನೆಗಳಲ್ಲಿ, ಡಿಗ್ರಿ ಮುಗಿಸಿದ ಅಣ್ಣನೊಬ್ಬ ಕೆಪಿಎಸ್‌ಸಿ ಫಲಿತಾಂಶಕ್ಕೆ ಕಾಯುತ್ತಾ ಮಹಡಿ ಮೇಲೆ ಮಲಗಿರುತ್ತಾನೆ. ಅವನ ವರ್ಷಗಳ ಲೆಕ್ಕವನ್ನು ಯಾರೂ ಎತ್ತುವುದಿಲ್ಲ.

ಇಷ್ಟಕ್ಕೂ ಚಿಕ್ಕ ಮಕ್ಕಳ ವಿಷಯದಲ್ಲಿ ಕಾನೂನೇ ಸ್ವಲ್ಪ ವಿಚಿತ್ರ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವನ್ನಾಗಲಿ, ಅಪ್ಪ ಅಮ್ಮನನ್ನಾಗಲಿ ಪರೀಕ್ಷೆ ಮಾಡಿ ಸೀಟು ಕೊಡುವಂತಿಲ್ಲ ಅನ್ನುತ್ತದೆ. ಮೊದಲ ತಪ್ಪಿಗೆ 25,000 ರೂಪಾಯಿವರೆಗೆ ದಂಡ, ಆಮೇಲಿನ ಪ್ರತಿ ತಪ್ಪಿಗೆ 50,000ದವರೆಗೆ. ಆದರೆ ಅದೇ ಕಾಯ್ದೆಯಲ್ಲಿ ಮಗು ಅಂದರೆ ಆರರಿಂದ ಹದಿನಾಲ್ಕು ವರ್ಷದವರು. ಮೂರೂವರೆ ವರ್ಷದ್ದು ಹಾಗಾದರೆ ಯಾರು? ಗೊತ್ತಿಲ್ಲ. ಯಾರೋ ಒಬ್ಬ ಚಿಕ್ಕ ನಾಗರಿಕ. ಅವನನ್ನು ಕೂರಿಸಿ ಬಣ್ಣ ಕೇಳಬಹುದು, ಆಕಾರ ಕೇಳಬಹುದು. ಅದನ್ನು ಪರೀಕ್ಷೆ ಅಂತ ಕರೆಯುವಂತಿಲ್ಲ, "ಇಂಟರಾಕ್ಷನ್" ಅನ್ನಬೇಕು. ಅಪ್ಪ ಇಸ್ತ್ರಿ ಶರ್ಟ್ ಹಾಕಿ, ಅಮ್ಮ ದಾರಿಯುದ್ದಕ್ಕೂ "ಟ್ರಯಾಂಗಲ್ ತೋರಿಸು, ಸರ್ಕಲ್ ತೋರಿಸು" ಅಂತ ಉರು ಹೊಡೆಸಿಕೊಂಡು ಹೋಗುತ್ತಾರೆ. ಅಲ್ಲಿ ಮಗು ಮೇಜಿನ ಮೇಲಿನ ಚಾಕೊಲೇಟ್ ತೋರಿಸುತ್ತದೆ. ನನ್ನ ಪ್ರಕಾರ ಅದೇ ಸರಿಯಾದ ಉತ್ತರ.

ನಮ್ಮ ಅತ್ತೆ ಈಗ ನಿಯಮ ಪೂರ್ತಿ ಕಲಿತಿದ್ದಾರೆ. ಮನೆಯಲ್ಲಿ ಇನ್ನೊಂದು ಮದುವೆ ಗೊತ್ತಾಗಿದೆ, ಆಷಾಢಕ್ಕೆ ಸ್ವಲ್ಪ ಮುಂಚೆ. ಹೊಸ ಹೆಣ್ಣು ಆಷಾಢದಲ್ಲಿ ತವರಿಗೆ ಹೋಗುವುದು ನಮ್ಮಲ್ಲಿ ಮೊದಲಿನಿಂದ ಬಂದ ಪದ್ಧತಿ. ಬೇಸಿಗೆಯ ಸೆಖೆಯಲ್ಲಿ ಬಾಣಂತನ ಬರದಿರಲಿ ಅಂತ ಹಿರಿಯರು ಹಾಗೆ ಮಾಡಿದ್ದಾರೆ ಅನ್ನುತ್ತಾರೆ. ಈ ಪದ್ಧತಿಯನ್ನು ಇಷ್ಟು ವರ್ಷ ಕಾವಲು ಕಾಯ್ದವರೇ ಅತ್ತೆ. ಅಂಥವರು ಹಜಾರದಲ್ಲಿ ಕೂತು ಬೆರಳು ಮಡಚತೊಡಗಿದರು.

"ಆಷಾಢ ಕಳೆದು ಶ್ರಾವಣದಲ್ಲಿ ಬರ್ತಾಳೆ. ಅಲ್ಲಿಂದ ಒಂಬತ್ತು ಅಂದ್ರೆ ಮೇ. ನಾಲ್ಕು ದಿನ ಆಚೀಚೆ ಆದ್ರೆ ಜೂನ್! ಬೇಡಪ್ಪಾ, ಈ ಸಲ ಆಷಾಢ ಮಾಡೋದು ಬೇಡ. ಏಪ್ರಿಲ್‌ನಲ್ಲೇ ಹುಟ್ಲಿ, ಸೆಖೆ ಆದ್ರೆ ಎಸಿ ಹಾಕ್ಸೋಣ."

"ಸಂಪ್ರದಾಯ ಅಂತ ಒಂದಿದೆಯಲ್ಲ ಅತ್ತಿಗೆ" ಅಂದರು ನಮ್ಮಮ್ಮ.

"ಸಂಪ್ರದಾಯ ನೋಡಿ ಸೀಟು ಕೊಡ್ತಾರಾ?"

ಮದುಮಗ ಬಾಗಿಲ ಹತ್ತಿರ ನಿಂತು, "ಅತ್ತೆ, ನಾವಿನ್ನೂ ಮಗು ಬಗ್ಗೆ ಯೋಚನೇನೇ ಮಾಡಿಲ್ಲ" ಅಂದ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪೇಪರ್ ಓದುತ್ತಿದ್ದ ದೊಡ್ಡಪ್ಪ ತಲೆ ಎತ್ತಿ ಕೇಳಿದರು, "ಅಲ್ಲಮ್ಮಾ, ಅಷ್ಟರಲ್ಲಿ ಅವರು ಮತ್ತೆ ಐದು ವರ್ಷ ಐದು ತಿಂಗಳು ಅಂದುಬಿಟ್ರೆ?"

ಅತ್ತೆ ಮಡಚಿದ ಬೆರಳನ್ನೆಲ್ಲ ಬಿಚ್ಚಿ, ಮತ್ತೆ ಮಡಚಿ, ಮತ್ತೆ ಬಿಚ್ಚಿದರು. ಆಮೇಲೆ ಛತ್ರದವರಿಗೆ ಫೋನ್ ಮಾಡಲು ಹೇಳಿದರು. ಮದುವೇನೇ ಮುಂದಕ್ಕೆ ಹಾಕೋಣ, ಹೊಸ ಆದೇಶ ಬರಲಿ.